ಹೊಳನಗದ್ದೆ ಬಂಗಲೆಯ ಹುಲ್ಲಿನ ಯಂತ್ರ

ಹುಲ್ಲು ಬೆಳೆಯುತ್ತದೆ ಎಂಬ ಸಂಗತಿ ೧೯೪೬ನೆಯ ಇಸವಿ ಜೂನ್ ತಿಂಗಳ ಹನ್ನೊಂದನೆಯ ತಾರೀಖು ಸರಕಾರದ ಗಮನಕ್ಕೆ ಬಂದಿತು. ಅದಕ್ಕೆ ಮೊದಲೂ ಹುಲ್ಲು ಬೆಳೆಯುತ್ತಿತ್ತು. ಆದರೆ ಖಾಸಗಿಯಾಗಿ ಬೆಳೆಯುತ್ತಿತ್ತು.

ಕುಮಟೆಯಲ್ಲಿ ಆಗ ‘ಕಡಲತೀರದ ಬಂಗಲೆಗಳ ನಿಗಾ ಕಚೇರಿ’ ಎಂಬುದೊಂದು ಇತ್ತು. ಹೆಸರಿನಲ್ಲಿ ಬಂಗಲೆಗಳು ಎಂದಿದ್ದರೂ ಬಂಗಲೆ ಇದ್ದುದು ಒಂದೇ, ಹೊಳನಗದ್ದೆಯಲ್ಲಿ. ಹೊನ್ನಾವರದ್ದು ಮತ್ತು ಭಟಕಳದ್ದು ಮಂಜೂರಾಗಿದ್ದವು, ಕಟ್ಟಿರಲಿಲ್ಲ. ಕಟ್ಟದ ಬಂಗಲೆಗಳ ನಿಗಾ ಬಹಳ ಚೆನ್ನಾಗಿ ನಡೆಯುತ್ತಿತ್ತು. ಅವುಗಳ ಹೆಂಚು ಸೋರಿತೆಂದು ಒಮ್ಮೆಯೂ ದೂರು ಬಂದದ್ದಿಲ್ಲ.

ಕಚೇರಿಯಲ್ಲಿ ಮೂವರು ಇದ್ದರು. ಸೂಪರಿಂಟೆಂಡೆಂಟ್ ರಮಾನಂದರಾಯರು ಸಹಿ ಮಾಡುತ್ತಿದ್ದರು. ಹೆಡ್ ಕಾರಕೂನ ಮಾಬ್ಲೇಶ್ವರ ಎಲ್ಲಿ ಸಹಿ ಮಾಡಬೇಕೆಂದು ತೋರಿಸುತ್ತಿದ್ದ. ಜವಾನನ ಕೆಲಸದ ಪಟ್ಟೇವಾಲಾ ಚೌಡ ಸಹಿ ಒಣಗುವ ತನಕ ಕಾಗದ ಹಿಡಿದು ನಿಲ್ಲುತ್ತಿದ್ದ. ಬಂಗಲೆಯನ್ನು ನಿಜವಾಗಿ ನೋಡಿಕೊಳ್ಳುತ್ತಿದ್ದವಳು ಸುಕ್ರಿ. ಆದ್ದರಿಂದ ಅವಳ ಹೆಸರು ಕಚೇರಿಯ ಯಾವ ಪುಸ್ತಕದಲ್ಲಿಯೂ ಇರಲಿಲ್ಲ.

ಸುಕ್ರಿಯ ಮನೆ ಬಂಗಲೆಯ ಹಿಂದೆಯೇ. ಅವಳ ಅತ್ತೆಯ ಕಾಲದಿಂದಲೂ ಒಂದು ಪದ್ಧತಿ ನಡೆದು ಬಂದಿತ್ತು: ವರ್ಷವಿಡೀ ಬಂಗಲೆಯ ಅಂಗಳ ಗುಡಿಸುವುದು, ದೀಪಾವಳಿ ಕಳೆದು ಹುಲ್ಲು ಬಲಿತ ಮೇಲೆ ಅಂಗಳದ ಹುಲ್ಲು ಕೊಯ್ದು, ಒಣಗಿಸಿ, ಹೊರೆ ಕಟ್ಟಿ ಒಯ್ಯುವುದು. ಆ ಹುಲ್ಲಿನ ಮೇಲೆ ಅವಳ ಎಮ್ಮೆ ಕಾಳಿ ಮುಂದಿನ ಮಳೆಗಾಲದ ತನಕ ಬದುಕುತ್ತಿತ್ತು, ಕಾಳಿಯ ಮೇಲೆ ಸುಕ್ರಿ ಬದುಕುತ್ತಿದ್ದಳು. ಗಂಡ ಸತ್ತ ಮೇಲೆ ಅವಳು ಒಬ್ಬರ ಬಾಗಿಲಲ್ಲಿಯೂ ಕೈ ಒಡ್ಡಿ ನಿಂತವಳಲ್ಲ. ಕುಮಟೆ ಪೇಟೆಯ ಎಂಟು ಮನೆಗೂ ಒಂದು ಚಾದ ಅಂಗಡಿಗೂ ಹಾಲು ಹಾಕಿ, ಮನೆಗೆ ಹೆಂಚು ಹೊದೆಸಿದ್ದಳು. ಕಾಳಿ ಆ ವರ್ಷ ಗಬ್ಬವಾಗಿತ್ತು.

ಮೇಲಿನ ಕಚೇರಿಯಿಂದ ಬಂದ ಸುತ್ತೋಲೆ ಹೀಗಿತ್ತು:

“ಮನೆಬಳಕೆಗೆ ಯೋಗ್ಯವೂ ನಂಬಿಕೆಗೆ ಅರ್ಹವೂ ಆದ ಹುಲ್ಲು ಕತ್ತರಿಸುವ ಯಂತ್ರವನ್ನೂ, ಯಂತ್ರಬಲದಿಂದ ನಡೆಯುವ ತೋಟದ ಹತ್ಯಾರುಗಳನ್ನೂ ತರಿಸಿ, ತಜ್ಞರಿಂದ ಪರೀಕ್ಷೆ ಮಾಡಿಸಿ, ಒಂದನ್ನು ಆರಿಸತಕ್ಕದ್ದು. ಆರಿಸಿದ ದಿನದಿಂದ ಬಂಗಲೆಯ ಹುಲ್ಲನ್ನು ಸದರಿ ಯಂತ್ರವೇ ಕತ್ತರಿಸತಕ್ಕದ್ದು. ಬೇರೆ ಯಾರ ಕತ್ತಿಯೂ ತಾಗತಕ್ಕದ್ದಲ್ಲ. ದೊಡ್ಡ ಸಾಹೇಬರು ಡಿಸೆಂಬರದಲ್ಲಿ ಮುಕ್ಕಾಮಿಗೆ ಬರುವವರಿದ್ದಾರೆ.”

ಚೌಡ ಇದನ್ನು ಸುಕ್ರಿಗೆ ಹೇಳಲು ಮಳೆಯಲ್ಲಿ ಕೊಡೆ ಹಿಡಿದು ಹೋದ. ಅವಳು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು.

“ಸುಕ್ರಕ್ಕ, ಈ ಸಲದಿಂದ ಹುಲ್ಲು ಕೊಯ್ಯೂದು ಯಂತ್ರವಂತೆ.”

“ಹಂಗಾ? ಅದರ ಮನೇಲಿ ಎಷ್ಟು ಎಮ್ಮೆ ಇದ್ಯಂತೆ?”

“ಯಂತ್ರಕ್ಕೆ ಎಮ್ಮೆ ಇರ್ತದ್ಯೇ?”

“ಎಮ್ಮೆ ಇಲ್ದೆ ಇದ್ದದ್ದಕ್ಕೆ ಹುಲ್ಲು ಎಂತಕೋ?”

ಚೌಡ ಆ ಪ್ರಶ್ನೆಯನ್ನು ಹಾಗೆಯೇ ಕಚೇರಿಗೆ ತಂದ. ಕಚೇರಿಗೆ ಬಂದ ಪ್ರಶ್ನೆಗೆ ಫೈಲು ತೆರೆಯುವುದು ಪದ್ಧತಿ, ತೆರೆದರು. ಮೂರು ದಿನ ವಿಚಾರ ನಡೆಯಿತು.

“ಹುಲ್ಲು ಕೊಯ್ಯುವುದು ಎಂತಕ್ಕೆ?” ಎಂದು ರಾಯರು ಕೇಳಿದರು.

“ದನಕ್ಕೆ,” ಎಂದ ಮಾಬ್ಲೇಶ್ವರ. ಅವನ ಅಜ್ಜ, ಮುತ್ತಜ್ಜ ಎಲ್ಲರೂ ಅದಕ್ಕೇ ಕೊಯ್ದಿದ್ದರು. ಬೇರೆ ಕಾರಣ ಆ ಸೀಮೆಯಲ್ಲಿ ಯಾರಿಗೂ ಹೊಳೆದದ್ದಿಲ್ಲ.

“ಹಾಗಾದರೆ ಯಂತ್ರ ಕೊಯ್ದ ಹುಲ್ಲು ಸರಿಯಾಗಿದೆಯೋ ಇಲ್ಲವೋ ಎಂದು ಹೇಳತಕ್ಕ ತಜ್ಞರು ಯಾರು?”

ಮಾಬ್ಲೇಶ್ವರ ನಿಯಮಗಳ ಪುಸ್ತಕವನ್ನು ಮುಚ್ಚಿದ. “ದನವೇ ರಾಯರೇ. ಬೇರೆ ಯಾರು ಹೇಳಿದರೂ ಅದು ಕೇಳಿದ ಮಾತಾಗ್ತದೆ, ತಿಂದ ಮಾತಾಗೂದಿಲ್ಲ.”

ಕಚೇರಿಗೆ ಸ್ವಂತ ದನ ಇರಲಿಲ್ಲ. ಬಂಗಲೆಯಿಂದ ನಲವತ್ತು ಮಾರು ದೂರದಲ್ಲಿ ವಾಸವಾಗಿದ್ದ, ಸದರಿ ಅಂಗಳದ ಹುಲ್ಲಿನಲ್ಲಿ ಒಂಬತ್ತು ವರ್ಷಗಳ ಅನುಭವವಿದ್ದ ಕಾಳಿಯನ್ನು ಯಂತ್ರ ಆಯ್ಕೆ ಕಮಿಟಿಗೆ ತಜ್ಞ ಸದಸ್ಯೆಯಾಗಿ ನೇಮಿಸಲಾಯಿತು. ಸುಕ್ರಿಗೆ ಹುಲ್ಲು ಕಳೆದುಕೊಳ್ಳುವ ಭಯವಿರುವುದರಿಂದ ಆಕೆಯ ಎಮ್ಮೆ ಪಕ್ಷಪಾತ ಮಾಡಬಹುದೇ ಎಂಬ ಆಕ್ಷೇಪವನ್ನು ರಾಯರೇ ಎತ್ತಿದರು, ರಾಯರೇ ತಳ್ಳಿಹಾಕಿದರು. ಎಮ್ಮೆ ನೇಮಕದ ಆಜ್ಞೆಯನ್ನು ಓದಿಲ್ಲವಾದ್ದರಿಂದ ಅದು ನಿಷ್ಪಕ್ಷಪಾತಿ ಎಂದು ದಾಖಲೆಯಾಯಿತು.

ಪರೀಕ್ಷೆಯ ದಿನವನ್ನು ಗೊತ್ತು ಮಾಡುವುದು ಕಷ್ಟವಾಗಲಿಲ್ಲ. ಹುಲ್ಲು ಕೊಯ್ಯುವುದು ದೀಪಾವಳಿ ಕಳೆದ ಮೇಲೆ. ಸುತ್ತೋಲೆಯ ಹಿಂಬದಿಯಲ್ಲಿ ‘ಹುಲ್ಲು ಒಂದೂವರೆ ಇಂಚಿಗಿಂತ ಎತ್ತರ ಇರಕೂಡದು’ ಎಂಬ ಸಾಲು ಇತ್ತು. ಒಂದೂವರೆ ಇಂಚಿನ ಹುಲ್ಲು ಯಾವ ದನದ ನಾಲಿಗೆಗೂ ಸಿಗುವುದಿಲ್ಲವಾದ್ದರಿಂದ ಅದು ಬೆರಳಚ್ಚಿನವರ ತಪ್ಪು, ಒಂದೂವರೆ ಗಜ ಎಂದು ಇರಬೇಕು ಎಂದು ಮಾಬ್ಲೇಶ್ವರ ಕೆಂಪು ಶಾಯಿಯಲ್ಲಿ ತಿದ್ದಿದ. ಜೂನಿನಿಂದ ಅಕ್ಟೋಬರದ ತನಕ ಕಚೇರಿ ಹುಲ್ಲನ್ನು ಜೋಪಾನವಾಗಿ ಬೆಳೆಸಿತು. ಹುಲ್ಲು ತಾನಾಗಿ ಬೆಳೆಯುತ್ತಿತ್ತು. ಕಚೇರಿ ವಾರಕ್ಕೊಮ್ಮೆ ಅದಕ್ಕೆ ಒಪ್ಪಿಗೆ ಕೊಡುತ್ತಿತ್ತು.

ಯಂತ್ರಗಳನ್ನು ಒದಗಿಸುವ ಕೆಲಸ ಭಟಕಳದ ವ್ಯಾಪಾರಿ ಮೀರಾನ್ ಸಾಹೇಬರಿಗೆ ಬಂದಿತ್ತು. ಅವರು ಬೊಂಬಾಯಿ ಕಂಡವರು, ನಾಲ್ಕು ಭಾಷೆ ಬಲ್ಲವರು, ನಾಲ್ಕರಲ್ಲಿಯೂ ಒಂದೇ ಮಾತು ಆಡುವವರು. ಮೂರು ಪೆಟ್ಟಿಗೆಗಳನ್ನು ಎತ್ತಿನ ಗಾಡಿಗೆ ಹೇರಿಸಿಕೊಂಡು ಹೊನ್ನಾವರದ ಎದುರು ದಡಕ್ಕೆ ಬಂದರು. ಶರಾವತಿ ದಾಟುವ ತಾರಿ ದೋಣಿಯಲ್ಲಿ ಹಮ್ಮ ಎಂಬ ಅಂಬಿಗ ಹುಟ್ಟು ಅಡ್ಡ ಹಿಡಿದ.

“ಪೆಟ್ಟಿಗೇಲಿ ಎಂತದು ಸಾಹೇಬ್ರೇ? ಜನವೋ, ಸಾಮಾನೋ, ದನವೋ? ಮೂರಕ್ಕೆ ಮೂರು ದರ.”

“ಹುಲ್ಲು ಕತ್ತರಿಸುವ ಯಂತ್ರ.”

“ಬಾಯಿಂದ ಕತ್ತರಿಸ್ತದೋ, ಕೈಯಿಂದಲೋ?”

ಮೀರಾನ್ ಸಾಹೇಬರು ಪ್ರಾಮಾಣಿಕರು. ಸ್ವಲ್ಪ ಯೋಚಿಸಿ, “ಹಲ್ಲುಗಳಿವೆ,” ಎಂದರು.

“ಹಂಗಾದ್ರೆ ದನವೇ,” ಎಂದು ಹಮ್ಮ ಮೂರೂ ಪೆಟ್ಟಿಗೆಗಳನ್ನು ದೋಣಿಯ ಹಿಂಬದಿಗೆ, ಎರಡು ಹೋರಿಗಳ ನಡುವೆ ನಿಲ್ಲಿಸಿದ. ಹೋರಿಗಳು ಆಕ್ಷೇಪಿಸಲಿಲ್ಲ.

ಪರೀಕ್ಷೆಯ ದಿನ ಹೊಳನಗದ್ದೆಯೆಲ್ಲ ಬಂಗಲೆಯ ಗೋಡೆಯ ಮೇಲೆ ಕುಳಿತಿತ್ತು. ಹುಲ್ಲು ಚೌಡನ ಎದೆಯ ತನಕ ಬಂದಿತ್ತು. ರಾಯರು ಕುರ್ಚಿಯಲ್ಲಿ, ಮಾಬ್ಲೇಶ್ವರ ಸ್ಟೂಲಿನಲ್ಲಿ, ತಜ್ಞ ಸದಸ್ಯೆ ನೇರಳೆ ಮರದ ನೆರಳಿನಲ್ಲಿ. ಕಾಳಿಯ ಹಗ್ಗ ಹಿಡಿದು ಸುಕ್ರಿ ನಿಂತಿದ್ದಳು. ಬೆಳಿಗ್ಗೆಯೇ ಕಾಳಿಯನ್ನು ತೊಳೆದು, ಕೊಂಬಿಗೆ ಎಣ್ಣೆ ಸವರಿ ತಂದಿದ್ದಳು. ಸರಕಾರದ ಕೆಲಸಕ್ಕೆ ಕೊಳಕಾಗಿ ಹೋದರು ಎಂಬ ಮಾತು ಆ ಮನೆಗೆ ಬರಕೂಡದು.

ಮೊದಲನೆಯದು ಕೈಯಿಂದ ತಳ್ಳುವ ಯಂತ್ರ. ಚೌಡ ತಳ್ಳಿದ. ಅದು ಹುಲ್ಲಿನೊಳಗೆ ಮೂರು ಹೆಜ್ಜೆ ಹೋಗಿ ಮುಗ್ಗರಿಸಿ ನಿಂತಿತು. ಚೌಡ ನಿಲ್ಲಲಿಲ್ಲ, ಅದರ ಮೇಲಿಂದ ಆಚೆಗೆ ಹೋಗಿ ಬಿದ್ದ. ಮಾಬ್ಲೇಶ್ವರ ಬರೆದುಕೊಂಡ: “ಯಂತ್ರ ಒಂದು. ಹುಲ್ಲಿಗೆ ತೊಂದರೆ ಕೊಡುವ ಸ್ವಭಾವದ್ದಲ್ಲ. ಪಟ್ಟೇವಾಲನಿಗೆ ಕೊಡುತ್ತದೆ.”

ಎರಡನೆಯದು ಪೆಟ್ರೋಲಿನದು. ಪೆಟ್ರೋಲಿಗೆ ಕೂಪನ್ ಪಡೆಯಲು ನಾಲ್ಕು ತಿಂಗಳಾಗಿತ್ತು. ಸಿಕ್ಕಿದ್ದು ಒಂದು ತಂಬಿಗೆ. ಮೀರಾನ್ ಸಾಹೇಬರು ಹಗ್ಗ ಸುತ್ತಿ ಎಳೆದರು. ಇಪ್ಪತ್ತಮೂರನೆಯ ಸಲಕ್ಕೆ ಅದು ಗುಡುಗಿತು. ಗೋಡೆಯ ಮೇಲಿನ ಅರ್ಧ ಊರು ಹಿಂದಕ್ಕೆ ಬಿತ್ತು. ಯಂತ್ರ ಹೊಗೆ ಕಾರುತ್ತ ಒಂದು ಮಾರು ಉದ್ದ ಹುಲ್ಲನ್ನು ನುಗ್ಗಿ ನುಗ್ಗಿ ಕತ್ತರಿಸಿ, ತನ್ನ ಬೆನ್ನಿನ ಡಬ್ಬಿಗೆ ತುಂಬಿಕೊಂಡು, ಪೆಟ್ರೋಲು ಮುಗಿದು ತಣ್ಣಗಾಯಿತು. ಡಬ್ಬಿಯಲ್ಲಿದ್ದುದನ್ನು ಬುಟ್ಟಿಗೆ ಸುರಿದು ತಜ್ಞ ಸದಸ್ಯೆಯ ಮುಂದೆ ಇಟ್ಟರು.

ಸುಕ್ರಿ ಬುಟ್ಟಿಗೆ ಕೈ ಹಾಕಿ ನೋಡಿದಳು. “ಇದೆಂತದು ಒಡೆಯಾ, ಪಲ್ಯಕ್ಕೆ ಹೆಚ್ಚಿದಂಗೆ ಹೆಚ್ಚೀರಿ? ಇದನ್ನು ಸೂಡಿ ಕಟ್ಟೂದು ಹೆಂಗೆ?”

ಕಾಳಿ ಮೂಸಿತು. ಪೆಟ್ರೋಲಿನ ವಾಸನೆಗೆ ಮೂಗು ಅರಳಿಸಿ ಒಮ್ಮೆ ಸೀನಿತು. ರಾಯರ ಧೋತರ ಒದ್ದೆಯಾಯಿತು. ಆಮೇಲೆ ಹಿಂದೆ ತಿರುಗಿ ನಿಂತಿತು.

“ಯಂತ್ರ ಎರಡು,” ಎಂದು ಮಾಬ್ಲೇಶ್ವರ ಬರೆದ. “ತಜ್ಞರು ಲಿಖಿತ ಅಭಿಪ್ರಾಯ ಕೊಡಲಿಲ್ಲ. ಬೆನ್ನು ಕೊಟ್ಟರು.”

ಮೀರಾನ್ ಸಾಹೇಬರಿಗೆ ತಡೆಯಲಾಗಲಿಲ್ಲ. “ರಾಯರೇ, ಇದು ಎಮ್ಮೆಗೆ ಅಲ್ಲ. ಬೊಂಬಾಯಿಯಲ್ಲಿ ದೊಡ್ಡ ಮನೆಯವರು ಅಂಗಳ ಚಂದ ಕಾಣಲಿ ಎಂದು ಹುಲ್ಲು ಕತ್ತರಿಸ್ತಾರೆ.”

“ಅಂಗಳ ಚಂದ ಕಾಣೂಕೆ ಸಗಣಿ ಸಾರಿಸಿದ್ರೆ ಸಾಕಲ್ರಾ,” ಎಂದಳು ಸುಕ್ರಿ.

“ಕತ್ತರಿಸಿದ ಹುಲ್ಲನ್ನು ಏನು ಮಾಡ್ತಾರೆ?” ಎಂದು ರಾಯರು ಕೇಳಿದರು.

“ಎಸೀತಾರೆ.”

ಗೋಡೆಯ ಮೇಲಿದ್ದವರು ಯಾರೋ ತೀರಿಹೋದ ಸುದ್ದಿ ಬಂದಂತೆ ಕೆಳಗಿಳಿದು ನಿಂತರು.

“ಅವರಿಗೆ ದನ ಇಲ್ಲವೋ?” ಮಾಬ್ಲೇಶ್ವರನ ದನಿ ಕುಗ್ಗಿತ್ತು.

“ಇಲ್ಲ.”

“ಮತ್ತೆ ಹುಲ್ಲು ಬೆಳೆಸುವುದು ಎಂತಕ್ಕೆ?”

“ಕತ್ತರಿಸೂದಕ್ಕೆ.”

“ಕತ್ತರಿಸುವುದು ಎಂತಕ್ಕೆ?”

“ಮತ್ತೆ ಬೆಳೀತದಲ್ಲ, ಅದಕ್ಕೆ.”

ರಾಯರು ಬಹಳ ಹೊತ್ತು ಕಡಲಿನ ಕಡೆ ನೋಡಿದರು. ಇಪ್ಪತ್ತೆರಡು ವರ್ಷ ಸರಕಾರಿ ಕೆಲಸ ಮಾಡಿದವರು. ತಮ್ಮ ಕಚೇರಿಯ ಹೊರಗೂ ಇಂಥ ಕೆಲಸ ನಡೆಯುತ್ತದೆಂದು ಅವರಿಗೆ ಅಂದೇ ಗೊತ್ತಾದದ್ದು.

ಮೂರನೆಯ ಪೆಟ್ಟಿಗೆ ತೆರೆಯಿತು. ಅದರೊಳಗೆ ವಿದ್ಯುತ್ತಿನಿಂದ ನಡೆಯುವ ಬೇಲಿಕತ್ತರಿ. ಮೊಸಳೆಯ ಮೂತಿಯಂತೆ ಉದ್ದ, ಎರಡು ಸಾಲು ಹಲ್ಲು, ಹಿಂದೆ ಹನ್ನೆರಡು ಮೊಳದ ಕಪ್ಪು ವಾಯರು, ವಾಯರಿನ ತುದಿಗೆ ಹಿತ್ತಾಳೆಯ ಮೂರು ಕಾಲಿನ ಪ್ಲಗ್ಗು. ಹೊಳನಗದ್ದೆಯಲ್ಲಿ ವಿದ್ಯುತ್ತು ಇರಲಿಲ್ಲ. ಕುಮಟೆಯಲ್ಲಿಯೂ ಇರಲಿಲ್ಲ. ಬೇಲಿಕತ್ತರಿಯನ್ನು ಮೇಜಿನ ಮೇಲೆ ಇಟ್ಟು ಎಲ್ಲರೂ ಒಂದು ತಾಸು ನೋಡಿದರು. ಆ ಅವಧಿಯಲ್ಲಿ ಅದು ಒಮ್ಮೆಯೂ ಕೆಡಲಿಲ್ಲ, ಹೊಗೆ ಬಿಡಲಿಲ್ಲ, ಯಾರನ್ನೂ ಬೀಳಿಸಲಿಲ್ಲ. ನಂಬಿಕೆಯ ಅಂಕಣದಲ್ಲಿ ಅದಕ್ಕೆ ಪೂರ್ತಿ ಅಂಕ ಸಿಕ್ಕಿತು.

ಅಷ್ಟರಲ್ಲಿ ಕಾಳಿ ತಿರುಗಿತು. ಬೇಲಿಕತ್ತರಿಗೆ ಪೆಟ್ಟಾಗದಿರಲೆಂದು ಬೊಂಬಾಯಿಯವರು ಪೆಟ್ಟಿಗೆಯ ತುಂಬ ಒಣಹುಲ್ಲು ತುರುಕಿದ್ದರು. ಹೊಳನಗದ್ದೆಯ ಎಮ್ಮೆಗೆ ಪರಸ್ಥಳದ ಹುಲ್ಲು, ರುಚಿ ಬೇರೆ. ಸುಕ್ರಿ ಹಗ್ಗ ಜಗ್ಗಿ, “ಬೇಡ್ವೇ, ನಿನ್ನ ಕುತ್ತಿಗೆಗೇ ಬತ್ತದೆ, ಬೇಡ್ವೇ!” ಎನ್ನುತ್ತಿದ್ದಂತೆ ಕಾಳಿ ಪೆಟ್ಟಿಗೆಯಲ್ಲಿ ಮುಖ ಹುದುಗಿಸಿ, ಕೊನೆಯ ಎಳೆಯ ತನಕ ತಿಂದು, ಹಲಗೆಯನ್ನೂ ನೆಕ್ಕಿತು.

ಮಾಬ್ಲೇಶ್ವರ ಎದ್ದು ನಿಂತು ಓದಿದ: “ತಜ್ಞರು ಮೂರನೆಯ ಯಂತ್ರವನ್ನು ಸಂತೋಷದಿಂದ ಅಂಗೀಕರಿಸಿದ್ದಾರೆ.”

“ಅದು ಪೆಟ್ಟಿಗೆಯ ಹುಲ್ಲು ಒಡೆಯಾ! ಯಂತ್ರ ಕೊಯ್ದದ್ದಲ್ಲ!”

“ಯಂತ್ರದ ಸಂಗಡವೇ ಬಂದದ್ದು. ಯಂತ್ರ ಕೊಯ್ದದ್ದಲ್ಲ ಅನ್ನೂದಕ್ಕೆ ಸಾಕ್ಷಿ ಉಂಟೋ? ಕೊಯ್ಯುವಾಗ ನೀನು ಬೊಂಬಾಯಿಯಲ್ಲಿ ಇದ್ಯಾ?”

ಸುಕ್ರಿ ಇರಲಿಲ್ಲ.

“ರಾಯರೇ,” ಎಂದರು ಮೀರಾನ್ ಸಾಹೇಬರು, “ಇದು ಹುಲ್ಲಿನದ್ದೇ ಅಲ್ಲ. ಬೇಲಿ ಸವರುವ ಕತ್ತರಿ. ನನಗೆ ದುಡ್ಡು ಬೇಡ, ವಾಪಸು ಒಯ್ತೇನೆ.”

“ಸಾಹೇಬರೇ, ತಜ್ಞರ ತೀರ್ಮಾನದ ಮೇಲೆ ವ್ಯಾಪಾರಿಯ ಮಾತು ನಡೆಯುವುದಿಲ್ಲ,” ಎಂದು ರಾಯರು ಸಹಿ ಮಾಡಿದರು. ಚೌಡ ಕುಂಟುತ್ತ ಬಂದು ಸಹಿ ಒಣಗುವ ತನಕ ಕಾಗದ ಹಿಡಿದ.

ಆ ಗಳಿಗೆಯಿಂದ ಬಂಗಲೆಯ ಹುಲ್ಲಿಗೆ ಯಾರ ಕತ್ತಿಯೂ ತಾಗುವಂತಿರಲಿಲ್ಲ. ಹುಲ್ಲು ಹಳದಿಯಾಯಿತು. ಬೇಲಿಕತ್ತರಿ ಮೇಜಿನ ಮೇಲೆ ಮಲಗಿತ್ತು. ಸುಕ್ರಿಯ ಕೊಟ್ಟಿಗೆಯಲ್ಲಿ ಹಳೆಯ ಹುಲ್ಲು ಹನ್ನೆರಡು ದಿನಕ್ಕೆ ತೀರಿತು. ಮಾವಳ್ಳಿಯಿಂದ ದನದ ವ್ಯಾಪಾರಿ ಹೊನ್ನ ಎರಡು ಸಲ ಬಂದು, ಕಾಳಿಯ ಬಾಯಿ ಬಿಡಿಸಿ ಹಲ್ಲು ನೋಡಿ, “ಗಬ್ಬದ ಎಮ್ಮೆ ಒಣಗಿದ ಮೇಲೆ ಯಾರೂ ಕೇಳೂದಿಲ್ಲ ಅಕ್ಕ, ಈಗಲೇ ಕೊಡು,” ಎಂದು ಹೋದ. ಎರಡನೆಯ ಸಲ ಅವನು ಹಗ್ಗವನ್ನೂ ತಂದಿದ್ದ. ಸುಕ್ರಿ ಆ ಹಗ್ಗವನ್ನು ಮಡಚಿ ಅವನ ಹೆಗಲ ಮೇಲೆ ಹಾಕಿ, “ಇದು ಗಟ್ಟಿ ಇದ್ದಂಗಿದೆ, ನಿನ್ನ ಹೋರಿಗಿಟ್ಕೋ,” ಎಂದಳು.

ಮರುದಿನ ಹತ್ತು ಗಂಟೆಗೆ ಅವಳು ಕಾಳಿಯನ್ನು ಹೊಡೆದುಕೊಂಡು ಕುಮಟೆಯ ಕಚೇರಿಗೆ ಬಂದಳು. ಜಗಲಿಯ ಕಂಬಕ್ಕೆ ಕಟ್ಟಿದಳು.

“ಎಂತದೇ ಸುಕ್ರಿ ಇದು, ಕಚೇರಿಗೆ ಎಮ್ಮೆ?” ಎಂದ ಮಾಬ್ಲೇಶ್ವರ.

“ಎಮ್ಮೆ ಅಲ್ಲ ಒಡೆಯಾ, ಕಮಿಟಿಯವಳು. ಹಂಗಂತ ನೀವೇ ಬರೆದೀರಿ. ಹುಲ್ಲು ಒಣಗೋತದೆ. ನಿಮ್ಮ ಯಂತ್ರ ಕೊಯ್ಯೂದು ಯಾವಾಗ?”

“ವಿದ್ಯುತ್ತು ಬಂದ ಕೂಡಲೆ.”

“ಅದು ಬರೂದು ಯಾವಾಗ?”

“ಬರೆದಿದ್ದೇವೆ.”

“ಕಾಗದ ಬರೆದ್ರೆ ಎಮ್ಮೆ ಹೊಟ್ಟೆ ತುಂಬ್ತದ್ಯಾ?”

ಮಾಬ್ಲೇಶ್ವರ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡ. “ತಿಂದರೆ ತುಂಬಬಹುದು. ಆದರೆ ಯುದ್ಧ ಸುರುವಾದಾಗಿನಿಂದ ಕಾಗದ ಕಂಟ್ರೋಲಿನಲ್ಲಿ ಇದೆ.”

“ಆತು,” ಎಂದಳು ಸುಕ್ರಿ. “ನಾನು ಇಲ್ಲೇ ಕೂಕಂತೆ.” ಕಾಳಿಯ ಪಕ್ಕದಲ್ಲಿ ಕುಳಿತು ಎಲೆ ಅಡಿಕೆ ಬಿಚ್ಚಿದಳು.

ಕಮಿಟಿಯ ಸದಸ್ಯರನ್ನು ಕಚೇರಿಯಿಂದ ಹೊರಗೆ ಅಟ್ಟುವ ನಿಯಮ ಇರಲಿಲ್ಲ. ಎರಡು ದಿನ ಹಾಗೆಯೇ ಹೋಯಿತು. ದಿನಾ ಬಂದು ಕುಳಿತು ಸಂಜೆ ಹೋಗುವುದರಲ್ಲಿ ಕಾಳಿ ಉಳಿದ ಮೂವರಿಗಿಂತ ಕ್ರಮವಾಗಿತ್ತು. ಮೂರನೆಯ ದಿನ ಕಂಬದ ಹಗ್ಗ ಸಡಿಲವಾಗಿ, ಕಿಟಕಿಯ ಬಳಿಯ ಮೇಜಿನ ಮೇಲಿದ್ದ ಹಾಜರಿ ಪುಸ್ತಕ ಅದರ ಬಾಯಿಗೆ ಸಿಕ್ಕಿತು. ಬಿಡಿಸುವಷ್ಟರಲ್ಲಿ ಜುಲೈ, ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳು ಕಾಳಿಯ ಹೊಟ್ಟೆ ಸೇರಿದ್ದವು. ರಾಯರು, ಮಾಬ್ಲೇಶ್ವರ ಮತ್ತು ಚೌಡ ಆ ಮೂರು ತಿಂಗಳು ಕೆಲಸಕ್ಕೆ ಬಂದದ್ದಕ್ಕೆ ಲೋಕದಲ್ಲಿ ಯಾವ ಪುರಾವೆಯೂ ಉಳಿಯಲಿಲ್ಲ. ಮಾಡಿದ ಕೆಲಸವನ್ನು ತೋರಿಸೋಣವೆಂದರೆ ಅದೂ ಇರಲಿಲ್ಲ. ಅಕ್ಟೋಬರದ ಹಾಳೆಯ ಮೇಲೆ ಜೊಲ್ಲು ಇತ್ತು.

ಒಂದು ಎಮ್ಮೆಯ ಹಸಿವು ಸರಕಾರದ ಹಿತಕ್ಕೆ ಸಂಬಂಧಪಟ್ಟದ್ದು ಎಂದು ಆ ಕ್ಷಣ ಎಲ್ಲರಿಗೂ ಮನವರಿಕೆಯಾಯಿತು. ಮೇಲಿನ ಕಚೇರಿಗೆ ತಂತಿ ಹೋಯಿತು: “ಯಂತ್ರ ಸಿದ್ಧ. ವಿದ್ಯುತ್ತು ಇಲ್ಲ. ತಜ್ಞರು ದಾಖಲೆ ತಿನ್ನುತ್ತಿದ್ದಾರೆ. ಹುಕುಂ ಆಗಬೇಕು.” ಎರಡೇ ದಿನದಲ್ಲಿ ಉತ್ತರ ಬಂತು: “ವಿದ್ಯುತ್ತು ಬರುವ ತನಕ ಯಂತ್ರವನ್ನು ಕೈಯಿಂದ ನಡೆಸಿರಿ.”

ಚೌಡ ಕೈಯಿಂದ ನಡೆಸಿ ನೋಡಿದ. ಬೇಲಿಕತ್ತರಿಯ ಹಲ್ಲು ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.

“ಅದರ ಹಲ್ಲು ನಡೆಯೂದಿಲ್ಲವಾದರೆ ಬೇರೆ ಹಲ್ಲು ಹಾಕಬೇಕು,” ಎಂದ ಮಾಬ್ಲೇಶ್ವರ. “ಯಂತ್ರ ಅಂದಮೇಲೆ ಬಿಡಿಭಾಗ ಇದ್ದೇ ಇರ್ತದೆ.”

“ಯಾರ ಹತ್ತಿರ ಉಂಟು?” ಎಂದರು ರಾಯರು.

ಸುಕ್ರಿ ಸೊಂಟದಿಂದ ಹುಲ್ಲುಕತ್ತಿ ತೆಗೆದು ಮೇಜಿನ ಮೇಲೆ ಇಟ್ಟಳು.

ಅಂದೇ ನಿಯಮಗಳು ಬರೆಯಲ್ಪಟ್ಟವು. ಸುಕ್ರಿಯ ಕತ್ತಿಯನ್ನು ಯಂತ್ರದ ಬಿಡಿಭಾಗವೆಂದು ಪರಿಗಣಿಸತಕ್ಕದ್ದು. ಬಿಡಿಭಾಗಕ್ಕೂ ಯಂತ್ರಕ್ಕೂ ಸಂಬಂಧ ಕಡಿಯದಂತೆ ವಾಯರಿನ ತುದಿಯ ಪ್ಲಗ್ಗನ್ನು ಸುಕ್ರಿಯ ಸೊಂಟಕ್ಕೆ ಸಿಕ್ಕಿಸತಕ್ಕದ್ದು. ಅವಳು ಕೊಯ್ಯುತ್ತ ಮುಂದೆ ಹೋದಂತೆ ಪಟ್ಟೇವಾಲನು ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಹನ್ನೆರಡು ಮೊಳದೊಳಗೆ ಹಿಂಬಾಲಿಸತಕ್ಕದ್ದು. ಪ್ಲಗ್ಗು ಕಳಚಿದಾಗ ಕೊಯ್ದ ಹುಲ್ಲು ಮನುಷ್ಯರು ಕೊಯ್ದ ಹುಲ್ಲಾಗುತ್ತದೆ. ಅದನ್ನು ವಾಪಸು ನೆಡತಕ್ಕದ್ದು.

ಉಳಿದದ್ದು ಒಂದೇ ಪ್ರಶ್ನೆ. ಸುಕ್ರಿಗೆ ಬೇಕಾಗಿದ್ದದ್ದೂ ಅದೊಂದೇ.

“ಕೊಯ್ದ ಹುಲ್ಲು ಯಾರದ್ದು ಒಡೆಯಾ?”

“ಯಂತ್ರ ಸರಕಾರದ್ದು, ಹುಲ್ಲೂ ಸರಕಾರದ್ದೇ,” ಎಂದ ಮಾಬ್ಲೇಶ್ವರ. “ಬೊಂಬಾಯಿಯಲ್ಲಿ ನಡೆಯುವ ಪದ್ಧತಿಯ ಪ್ರಕಾರ ಎಸೆಯಬೇಕು.”

ಸುಕ್ರಿ ಕತ್ತಿಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿದಳು. “ಆತು. ಎಲ್ಲಿ ಎಸೂದು?”

ಮಾಬ್ಲೇಶ್ವರ ಪುಸ್ತಕ ತಿರುವಿದ. ಎಲ್ಲಿ ಎಂದು ಎಲ್ಲೂ ಇರಲಿಲ್ಲ. “ಬಂಗಲೆಯ ಗೋಡೆಯಿಂದ ಆಚೆ ಬಿದ್ದರೆ ನಮಗೆ ಸಂಬಂಧವಿಲ್ಲ.”

“ಯಾವ ಗೋಡೆ?”

“ನಿನಗೆ ಯಾವುದು ಸಮೀಪವೋ ಅದು.”

ಬಂಗಲೆಯ ಹಿಂದಿನ ಗೋಡೆಯ ಆಚೆಗೆ ಸುಕ್ರಿಯ ಕೊಟ್ಟಿಗೆ. ಮಾರನೆಯ ಬೆಳಿಗ್ಗೆ ಯಂತ್ರ ಚಾಲೂ ಆಯಿತು. ಸುಕ್ರಿ ಸೊಂಟಕ್ಕೆ ಪ್ಲಗ್ಗು ಸಿಕ್ಕಿಸಿಕೊಂಡು, ತನ್ನ ಅತ್ತೆ ಕಲಿಸಿದ ಹಾಡು ಹೇಳುತ್ತ ಸಾಲು ಹಿಡಿದು ಕೊಯ್ದಳು. ಹಿಂದೆ ಚೌಡ ಬೇಲಿಕತ್ತರಿಯನ್ನು ಕೂಸಿನಂತೆ ಎತ್ತಿಕೊಂಡು ನಡೆದ.

“ಸುಕ್ರಕ್ಕ, ಸ್ವಲ್ಪ ನಿಧಾನ! ಯಂತ್ರಕ್ಕೆ ಕೈ ನೋವು ಬತ್ತದೆ.”

“ಯಂತ್ರಕ್ಕೋ ನಿಂಗೋ?”

“ಇಬ್ಬರಿಗೂ ಒಂದೇ ಕೈಯಲ್ವೇ ಮಾರಾಯ್ತಿ.”

ಪ್ರತಿ ಹೊರೆಯನ್ನೂ ಅವಳು ನಿಯಮದ ಪ್ರಕಾರ ಗೋಡೆಯಾಚೆ ಎಸೆದಳು. ಆಚೆ ಬದಿಯಲ್ಲಿ ಕಾಳಿ ಕಮಿಟಿಯ ಪರವಾಗಿ ಅವನ್ನು ಪರಿಶೀಲಿಸುತ್ತಿತ್ತು. ಮಾವಳ್ಳಿಯ ಹೊನ್ನ ಮತ್ತೆ ಬರಲಿಲ್ಲ.

ಡಿಸೆಂಬರದಲ್ಲಿ ದೊಡ್ಡ ಸಾಹೇಬರು ಬಂದರು. ಅಂಗಳದ ಕೊನೆಯ ಮೂಲೆಯ ಕೊಯ್ಲು ನಡೆಯುತ್ತಿತ್ತು. ಸಾಹೇಬರು ಸುಕ್ರಿಯನ್ನು ನೋಡಿದರು, ವಾಯರನ್ನು ನೋಡಿದರು, ವಾಯರಿನ ಈಚೆ ತುದಿಯಲ್ಲಿ ಚೌಡನನ್ನು ನೋಡಿದರು. ಒಂದು ಸಿಗರೇಟು ಹಚ್ಚಿ ಪೂರ್ತಿ ಸೇದಿದರು. ಆಮೇಲೆ ಕೇಳಿದರು:

“ಇದು ಕೆಡುತ್ತದೆಯೇ?”

“ಒಮ್ಮೆ ಕೆಮ್ಮು ಬಂದಿತ್ತು ಸಾಹೇಬರೇ,” ಎಂದರು ರಾಯರು. “ಕಷಾಯ ಕುಡಿದು ಸರಿಯಾಯಿತು.”

“ಪೆಟ್ರೋಲು?”

“ಗಂಜಿ. ದಿನಕ್ಕೆ ಎರಡು ಸಲ. ಒಣಮೀನು ಇದ್ದ ದಿನ ವೇಗ ಹೆಚ್ಚು.”

“ಅದರ ಖರ್ಚು?”

“ಇಲ್ಲ. ಯಂತ್ರವೇ ಮನೆಯಿಂದ ಕುಡಿದುಕೊಂಡು ಬರುತ್ತದೆ.”

ಸಾಹೇಬರ ಮುಖ ಬೆಳಗಿತು. ಇಡೀ ಜಿಲ್ಲೆಯಲ್ಲಿ ಅವರು ನೋಡಿದ ಉಳಿದ ಯಂತ್ರಗಳೆಲ್ಲ ಸದ್ದು ಮಾಡುತ್ತಿದ್ದವು. ಇದು ಹಾಡುತ್ತಿತ್ತು. ತಪಾಸಣೆಯ ಪುಸ್ತಕದಲ್ಲಿ ಅವರು ತಮ್ಮ ಕೈಯಿಂದಲೇ ಬರೆದರು: “ಮನೆಬಳಕೆಗೆ ಇದಕ್ಕಿಂತ ನಂಬಿಕೆಯ ಯಂತ್ರ ಇಲ್ಲ. ತಾಲೂಕಿನ ಎಲ್ಲ ಕಡೆ ಹುಲ್ಲು ಕೊಯ್ಯಲು ಇದೇ ಮಾದರಿಯನ್ನು ಬಳಸತಕ್ಕದ್ದು.”

ಹೀಗೆ ಮೀರಾನ್ ಸಾಹೇಬರಿಗೆ ನಲವತ್ತು ವಾಯರುಗಳ ಆರ್ಡರು ಹೋಯಿತು. “ಯಂತ್ರ ಬೇಡವೋ, ವಾಯರು ಮಾತ್ರವೋ?” ಎಂದು ಅವರು ಭಟಕಳದಿಂದ ಎರಡು ಸಲ ಕಾಗದ ಬರೆದು ಕೇಳಿದರು. ವಾಯರು ಮಾತ್ರ ಎಂದು ಉತ್ತರ ಹೋಯಿತು. ಅವರು ಕಳಿಸಿದರು, ಪ್ರಾಮಾಣಿಕನಾದವನು ಒಂದು ಊರಿಗೆ ಮೂರು ಸಲಕ್ಕಿಂತ ಹೆಚ್ಚು ಎಚ್ಚರಿಕೆ ಕೊಡುವಂತಿಲ್ಲ.

ಮರುವರ್ಷದ ಆಗಸ್ಟಿನಲ್ಲಿ ಬಂಗಲೆಯ ಮೇಲಿನ ಬಾವುಟ ಬದಲಾಯಿತು. ಚೌಡ ಎಲ್ಲರಿಗೂ ಪೇಡೆ ಹಂಚಿದ. ಹುಲ್ಲಿನ ನಿಯಮ ಬದಲಾಗಲಿಲ್ಲ. ಅದು ಸಂತೃಪ್ತಿಕರವಾಗಿ ನಡೆಯುತ್ತಿರುವುದರಿಂದ ಹೊಸ ಸರಕಾರಕ್ಕೂ ಹಾಗೆಯೇ ದಾಟಿಸಲಾಯಿತು. ದೀಪಾವಳಿ ಕಳೆದ ಮೇಲೆ ಊರಿನ ಹೆಂಗಸರು ಕಚೇರಿಯ ಮುಂದೆ ಸಾಲು ನಿಂತು ವಾಯರು ಪಡೆಯುತ್ತಿದ್ದರು. ವಾಯರಿಲ್ಲದೆ ಕೊಯ್ದದ್ದು ಕಳವಿನ ಹುಲ್ಲು. ವಾಯರಿದ್ದು ಕೊಯ್ದದ್ದು ಎಸೆದ ಹುಲ್ಲು. ಲಕ್ಕಿ ಮತ್ತು ಗಣಪಿ ಒಂದೇ ವಾಯರಿಗೆ ಜಗಳವಾಡಿ ಒಂದು ವರ್ಷ ಮಾತು ಬಿಟ್ಟರು. ಮದುವೆಯ ಮಾತುಕತೆಯಲ್ಲಿ, “ಹುಡುಗಿಗೆ ವಾಯರು ಉಂಟೋ?” ಎಂದು ಕೇಳುವುದು ರೂಢಿಯಾಯಿತು. ಇದರಲ್ಲಿ ವಿಚಿತ್ರ ಏನಿದೆ ಎಂದು ಕೇಳುವವರೂ ಇಲ್ಲವಾದ್ದರಿಂದ ವಿಚಿತ್ರ ಏನೂ ಇರಲಿಲ್ಲ.

ನಲವತ್ತೊಂಬತ್ತರಲ್ಲಿ ವಿದ್ಯುತ್ ಕಂಬ ಎಲ್ಲಿ ನೆಡಬೇಕೆಂದು ಅಳೆಯಲು ಒಬ್ಬ ಓವರ್ಸಿಯರ್ ಹೊಳನಗದ್ದೆಗೆ ಬಂದ. ನಿಗಾ ಕಚೇರಿಯಿಂದ ಅವನಿಗೆ ಮೊದಲೇ ಕಾಗದ ಹೋಗಿತ್ತು: ವಿದ್ಯುತ್ತು ಬಂದರೆ ಸುಸ್ಥಿತಿಯಲ್ಲಿರುವ ಯಂತ್ರ ನಿಂತುಹೋಗುವ ಸಂಭವ ಇರುವುದರಿಂದ ಕೃಪೆಮಾಡಿ ಪುನರ್ವಿಚಾರ ಮಾಡಬೇಕು. ಅವನಿಗೆ ಅರ್ಥವಾಗಿರಲಿಲ್ಲ. ಬಂಗಲೆಯ ಅಂಗಳದಲ್ಲಿ ಬಗ್ಗಿ ಕೊಯ್ಯುತ್ತಿದ್ದ ಸುಕ್ರಿಯನ್ನೂ ಅವಳ ಸೊಂಟದ ಪ್ಲಗ್ಗನ್ನೂ ಕಂಡು, ಅಳತೆಯ ಸರಪಳಿ ಕೆಳಗಿಟ್ಟು ಹತ್ತಿರ ಬಂದ.

“ಅಮ್ಮಾ, ಕಂಬ ಇನ್ನೂ ನೆಟ್ಟಿಲ್ಲವಲ್ಲ. ಈ ವಾಯರಿನಲ್ಲಿ ಎಂತ ಬರ್ತದೆ?”

ಸುಕ್ರಿ ನೆಟ್ಟಗಾಗಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಓದಿದವರು ಕೇಳುವ ಪ್ರಶ್ನೆಗಳು ಅವಳಿಗೆ ಹೊಸತಲ್ಲ.

“ಹುಲ್ಲು ಬತ್ತದೆ,” ಎಂದು, ಕಟ್ಟಿಟ್ಟ ಹೊರೆಯನ್ನು ಎತ್ತಿ ಗೋಡೆಯಾಚೆ ಎಸೆದಳು.

ಓವರ್ಸಿಯರ್ ಗೋಡೆಯ ಮೇಲಿಂದ ಬಗ್ಗಿ ನೋಡಿದ. ಕಾಳಿಯೂ ಅದರ ಪಕ್ಕದಲ್ಲಿ ಎರಡು ವರ್ಷದ ಕಡಸೂ ಮೇಯುತ್ತಿದ್ದವು. ಅವನು ಜೇಬಿನಿಂದ ಪುಸ್ತಕ ತೆಗೆದು, ‘ಹೊಳನಗದ್ದೆ: ಸಂಪರ್ಕ ಈಗಾಗಲೇ ಇದೆ’ ಎಂದು ಬರೆದುಕೊಂಡು, ಸರಪಳಿ ಸುತ್ತಿ ಮುಂದಿನ ಊರಿಗೆ ಹೊರಟ.